ದೊಡ್ಡಪ್ಪನ ಡಬ್ಬದಲ್ಲಿ 38 ತೋಟಾ: ಹೊಡೆಯುವಂತಿಲ್ಲ, ಕೊಡಲು ಹೋದರೆ ತೆಗೆದುಕೊಳ್ಳೋರಿಲ್ಲ

ಮಂಡಕಳ್ಳಿ ಅಂದ ಕೂಡಲೇ ಮೈಸೂರಿನವರಿಗೆ ನೆನಪಾಗುವುದು ವಿಮಾನ ನಿಲ್ದಾಣ. ನನಗೆ ಅದು ದೊಡ್ಡಪ್ಪನ ಮನೆ, ಮನೆಗೆ ಅಂಟಿಕೊಂಡ ಕೊಟ್ಟಿಗೆ, ಕೊಟ್ಟಿಗೆ ಮೇಲಿನ ಅಟ್ಟ. ದೊಡ್ಡಪ್ಪ ತೀರಿಕೊಂಡ ವಾರದಲ್ಲೇ ಅವರ ಲೈಸೆನ್ಸ್ ರೈಫಲನ್ನು ಮನೆಯವರು ಬಂದೂಕು ಅಂಗಡಿಯಲ್ಲಿ ಜಮಾ ಮಾಡಿದ್ದರು. ಅಲ್ಲಿಗೆ ಆ ವಿಷಯ ಮುಗಿಯಿತು ಅಂದುಕೊಂಡಿದ್ದೆವು. ವರ್ಷದ ತಿಥಿ ಕಳೆದು ಅಟ್ಟ ಖಾಲಿ ಮಾಡುವಾಗ ಒಂದು ಬಿಸ್ಕತ್ ಡಬ್ಬ ಸಿಕ್ಕಿತು. ಒಳಗೆ 38 ತೋಟಾ. ಜೊತೆಗೊಂದು ಚೀಟಿ, ಅದರಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದೇ ಸಂಖ್ಯೆ: 52.

"ನೀನು ಮೆಕ್ಯಾನಿಕಲ್ ಓದಿರೋನು ಅಲ್ವೇನೋ, ನೋಡಿ ಹೇಳು," ಅಂದ ಅಣ್ಣ. "ಲೈಸೆನ್ಸ್ ನನ್ನ ಹೆಸರಿಗೆ ಆದ್ಮೇಲೆ ಇವನ್ನೇ ಹೊಡೀಬೋದಾ? ಹಿತ್ತಾಳೆ ಇನ್ನೂ ಫಳಫಳ ಅಂತೈತೆ."

ಅವು ಕಾರ್ಖಾನೆಯ ತೋಟಾಗಳಲ್ಲ. ಕವಚಗಳ ತಳದಲ್ಲಿ ಬೇರೆ ಬೇರೆ ಕಂಪನಿಗಳ ಮುದ್ರೆ, ಆದರೆ ಎಲ್ಲದರ ಮೇಲೂ ಒಂದೇ ಬಗೆಯ ಗುಂಡು. ಅಂದರೆ ಹೊಡೆದು ಖಾಲಿಯಾದ ಕವಚಕ್ಕೆ ಹೊಸ ಕೇಪು ಕೂರಿಸಿ, ಮದ್ದು ಅಳೆದು ಸುರಿದು, ಮೇಲೆ ಗುಂಡು ಒತ್ತಿ ಕೈಯಲ್ಲೇ ಮತ್ತೆ ತುಂಬಿದವು. ತುಂಬಿದ್ದು ದೊಡ್ಡಪ್ಪನೋ, ಅವರ ಹಳೇ ಶಿಕಾರಿ ಸ್ನೇಹಿತರಲ್ಲಿ ಯಾರಾದರೂ ಒಬ್ಬರೋ, ಹೇಳೋರು ಯಾರೂ ಉಳಿದಿಲ್ಲ.

ನಾನು ಕೊಟ್ಟ ಉತ್ತರ ಒಂದೇ ಮಾತು: ಬೇಡ. ಆದರೆ 'ಬೇಡ' ಅಂದರೆ ಸಾಲದು, ಯಾಕೆ ಅಂತಲೂ ಹೇಳಬೇಕು.

ರೈಫಲ್ಲು ಥರ್ಟಿ-ನಾಟ್-ಸಿಕ್ಸ್. ಅದರ ತೋಟಾ ಸಿಡಿದಾಗ ಒಳಗಿನ ಒತ್ತಡ ಚದರ ಇಂಚಿಗೆ 60,000 ಪೌಂಡ್‌ವರೆಗೂ ಹೋಗಬಹುದು. ಕಾರಿನ ಟೈರಿಗೆ ನಾವು ಹಾಕಿಸುವುದು 32. ಹೆಚ್ಚುಕಮ್ಮಿ 1,900 ಪಟ್ಟು ಒತ್ತಡ, ಅದೂ ಹೊಡೆಯುವವನ ಕಣ್ಣಿನಿಂದ ಗೇಣು ದೂರದಲ್ಲಿ. ಅದನ್ನು ಹಿಡಿದಿಟ್ಟುಕೊಳ್ಳುವುದು ಉಕ್ಕಿನ ಕೋಣೆ ಮತ್ತು ತೆಳ್ಳನೆಯ ಹಿತ್ತಾಳೆ ಕವಚ.

ಈಗ ಚೀಟಿಯ 52 ನೋಡಿ. ಬಹುಶಃ ಅದು ಮದ್ದಿನ ತೂಕ, 52 ಗ್ರೇನ್. ಸುಮಾರು 3.4 ಗ್ರಾಂ. ಆದರೆ ಯಾವ ಮದ್ದು? ನಿಧಾನವಾಗಿ ಉರಿಯುವ ಮದ್ದಾದರೆ ಈ ರೈಫಲ್ಲಿಗೆ ಅದು ಮಾಮೂಲಿ ಅಳತೆ. ಬೇಗ ಉರಿಯುವ ಜಾತಿಯದಾದರೆ ಅದೇ 52 ರೈಫಲನ್ನೇ ಒಡೆಯಬಲ್ಲದು. ಗುಂಡು ಕಿತ್ತು ಮದ್ದು ಹೊರಗೆ ಸುರಿದು ನೋಡಿದರೂ ಕಣ್ಣಳತೆಯಲ್ಲಿ ಜಾತಿ ಗೊತ್ತಾಗುವುದಿಲ್ಲ. ಇಡೀ ತೋಟಾ ತೂಗಿ ನೋಡೋಣ ಅಂದರೆ, ಕವಚಗಳೇ ಬೇರೆ ಬೇರೆ ಕಂಪನಿಯವು, ಅವುಗಳ ತೂಕದ ವ್ಯತ್ಯಾಸದಲ್ಲಿ ಮದ್ದಿನ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಕಮ್ಮಿ ಮದ್ದು ಬಿದ್ದಿದ್ದರೂ ಅಪಾಯವೇ. ಗುಂಡು ನಳಿಗೆಯ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಹೊಡೆದವನು 'ಠುಸ್ ಆಯ್ತು' ಅಂದುಕೊಂಡು ಇನ್ನೊಂದು ಹಾಕಿ ಕುದುರೆ ಎಳೆದರೆ ನಳಿಗೆಯೇ ಸೀಳಬಹುದು. "ಸುಮ್ನೆ ಒಂದ್ ಹೊಡ್ದು ಟೆಸ್ಟ್ ಮಾಡಣ" ಅನ್ನುವ ವಾದ ಇಲ್ಲಿ ಬಿದ್ದುಹೋಗುತ್ತದೆ. ಕೈಯಲ್ಲಿ ತುಂಬಿದ ತೋಟಾಗಳಲ್ಲಿ ಒಂದು ಸರಿಯಾಗಿ ಸಿಡಿಯಿತು ಅಂದರೆ ಆ ಒಂದು ಸರಿಯಿತ್ತು ಅಂತಷ್ಟೇ ಅರ್ಥ. ಉಳಿದ 37ರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಇನ್ನು ಫಳಫಳ ಹೊಳೆಯುವ ಹಿತ್ತಾಳೆ. ಬ್ರಿಟಿಷ್ ಇಂಡಿಯಾದ ಸೈನ್ಯಕ್ಕೆ ಒಂದು ಕಾಲದಲ್ಲಿ ವಿಚಿತ್ರ ತಲೆನೋವಿತ್ತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ತೋಟಾಗಳ ಕವಚ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕಾರಣ ಸ್ಪಷ್ಟವಾಗಿದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಎಳೆದು ಬಡಿದು ಮಾಡಿದ ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತದ ಜೊತೆ ಸೇರಿ ಲೋಹವನ್ನು ಒಳಗೊಳಗೇ ಸೀಳುತ್ತಿತ್ತು. ಕಾಲೇಜಿನಲ್ಲಿ ಇದನ್ನು ಐದು ಮಾರ್ಕಿನ ಪ್ರಶ್ನೆ ಅಂತ ಓದಿ ಮರೆತಿದ್ದೆ. ಕೊಟ್ಟಿಗೆ ಅಟ್ಟದ ಮೇಲೆ ನಿಂತಾಗ ನೆನಪಾಯಿತು. ಕೆಳಗೆ ವರ್ಷಗಟ್ಟಲೆ ಕಟ್ಟಿದ್ದ ದನಗಳು, ಮೇಲೆ ಆ ಡಬ್ಬ.

ಮದ್ದೂ ಮುಪ್ಪಾಗುತ್ತದೆ. ಹೊಗೆರಹಿತ ಮದ್ದಿನ ಮೂಲವಸ್ತು ನೈಟ್ರೋಸೆಲ್ಯುಲೋಸ್, ಅದು ನಿಧಾನವಾಗಿ ತನ್ನಷ್ಟಕ್ಕೆ ಕೊಳೆಯುತ್ತಾ ಆಮ್ಲ ಬಿಡುತ್ತದೆ. ಹೆಂಚಿನ ಕೆಳಗಿನ ಬೇಸಿಗೆ ಬಿಸಿ ಅದನ್ನು ಇನ್ನೂ ಚುರುಕು ಮಾಡುತ್ತದೆ. 1911ರಲ್ಲಿ ತೂಲೋನ್ ಬಂದರಿನಲ್ಲಿ ಫ್ರಾನ್ಸಿನ 'ಲಿಬೆರ್ಟೆ' ಯುದ್ಧನೌಕೆ ಸಿಡಿದುಹೋಗಿದ್ದು ಇಂಥ ಹಾಳಾದ ಮದ್ದಿನಿಂದ. 38 ತೋಟಾ ಮನೆ ಹಾರಿಸುವುದಿಲ್ಲ, ನಿಜ. ಹೊಡೆಯುವವನ ಕಣ್ಣು ತೆಗೆಯಲು ಒಂದೇ ಸಾಕು. ಅದಕ್ಕೇ ಕೈಯಲ್ಲಿ ತೋಟಾ ತುಂಬುವ ಹವ್ಯಾಸ ಇರುವ ದೇಶಗಳಲ್ಲೂ ಅನುಭವಿಗಳು ಹೇಳುವುದು ಒಂದೇ: ಇನ್ನೊಬ್ಬರು ತುಂಬಿದ್ದನ್ನು ನೀನು ಹೊಡೀಬೇಡ.

ತಾಂತ್ರಿಕ ಪ್ರಶ್ನೆ ಇಲ್ಲಿಗೆ ಮುಗಿಯಿತು. ರಾಜಕೀಯ ಪ್ರಶ್ನೆ ಶುರುವಾಗುವುದೇ ಇಲ್ಲಿಂದ: ಹಾಗಾದರೆ ಇವನ್ನು ಏನು ಮಾಡುವುದು?

1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಯಾವುದೇ ಕಾರಣಕ್ಕೆ ಆಯುಧ ಅಥವಾ ಮದ್ದುಗುಂಡು ಇಟ್ಟುಕೊಳ್ಳುವ ಹಕ್ಕು ತಪ್ಪಿದರೆ ಅನಗತ್ಯ ತಡ ಮಾಡದೆ ಠಾಣೆಗೋ ಲೈಸೆನ್ಸ್ ಇರುವ ಡೀಲರ್‌ಗೋ ಜಮಾ ಮಾಡಬೇಕು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಲು 2016ರ ನಿಯಮಗಳಲ್ಲಿ ದಾರಿಯಿದೆ. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಪಿತ್ರಾರ್ಜಿತವಾದರೂ ಅಷ್ಟೇ. ಇಲ್ಲಿಯವರೆಗೆ ಸರಿ.

ಆದರೆ ಅದೇ ತಿದ್ದುಪಡಿ, ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಿದರೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಅನ್ನುತ್ತದೆ. ಮದ್ದುಗುಂಡು ಎಂಬುದರ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳು, ತಯಾರಿಸುವ ಯಂತ್ರಗಳೂ ಸೇರಿವೆ. ತುಂಬಿದವರು ತೀರಿಕೊಂಡಿದ್ದಾರೆ, ಡಬ್ಬ ಮಾತ್ರ ನಮ್ಮ ಕೈಯಲ್ಲಿದೆ. ಗೊತ್ತಿಲ್ಲದೆ ಜೊತೆಗಿದ್ದ ಮಾತ್ರಕ್ಕೆ ಅಪರಾಧವಾಗದು, ಇಟ್ಟುಕೊಂಡಿದ್ದೇನೆಂಬ ಅರಿವೂ ಇರಬೇಕು ಎಂದು ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲೇ ಹೇಳಿದೆ. ನಮ್ಮ ಪೇಚು ಏನೆಂದರೆ, ಮುಚ್ಚಳ ತೆಗೆದ ಕ್ಷಣದಿಂದ ನಮಗೆ ಗೊತ್ತು.

ಅಣ್ಣ ಮೊದಲ ಸಲ ಠಾಣೆಗೆ ಹೋಗಿ ಕೇಳಿದಾಗ, "ಇಷ್ಟು ದಿನ ಎಲ್ಲಿಟ್ಟಿದ್ರಿ? ಸಾಹೇಬ್ರು ಬಂದ್ಮೇಲೆ ಬನ್ನಿ" ಅಂದರು. ಅಂಗಡಿಯವರು, ಪೆಟ್ಟಿಗೆ-ಬಿಲ್ಲು ಇಲ್ಲದ್ದನ್ನು ಮುಟ್ಟೋದಿಲ್ಲ ಅಂದರು. ಮನೆಗೆ ಬಂದವನು, "ಬಾವಿಗೆ ಹಾಕ್ಬಿಡಣ ಕಣೋ, ಯಾಕೆ ತಲೆನೋವು" ಅಂದ. ಕೊನೆಗೆ ವಕೀಲ ಸ್ನೇಹಿತೆಯೊಬ್ಬರು 21ನೇ ಸೆಕ್ಷನ್ ನಮೂದಿಸಿ, ಸಿಕ್ಕ ದಿನ, ಜಾಗ, ಸಂಖ್ಯೆ ಎಲ್ಲಾ ಬರೆದು ಅರ್ಜಿ ಮಾಡಿಕೊಟ್ಟರು. ಮೂರನೇ ಸಲ ತೆಗೆದುಕೊಂಡರು, ಸ್ವೀಕೃತಿಯನ್ನೂ ಕೊಟ್ಟರು.

ನಮಗೆ ವಕೀಲೆ ಗೊತ್ತಿದ್ದರು, ತಮ್ಮ ಪತ್ರಕರ್ತ. ಹೆಗ್ಗಡದೇವನಕೋಟೆಯ ಕಾಡಂಚಿನ ರೈತನ ಮನೆಯಲ್ಲಿ ಇಂಥದೇ ಡಬ್ಬ ಸಿಕ್ಕರೆ? ಬೆಳೆ ರಕ್ಷಣೆ ಕೋವಿಯನ್ನು ಪ್ರತಿ ಚುನಾವಣೆಗೂ ಠಾಣೆಗೆ ಹೊತ್ತು ಹಾಕಿ ಬೇಸತ್ತವನು ಮತ್ತೆ ಅದೇ ಮೆಟ್ಟಿಲು ಹತ್ತುತ್ತಾನಾ? ಒಂದೋ ಹಂದಿಗೆ ಹೊಡೆಯಲು ಹೋಗಿ ಕೈ ಕಳೆದುಕೊಳ್ಳುತ್ತಾನೆ, ಇಲ್ಲವೇ ಕಸಕ್ಕೆ ಎಸೆಯುತ್ತಾನೆ. ಆ ಕಸ ಬರಿಗೈಯಲ್ಲಿ ವಿಂಗಡಿಸುವುದು ಪೌರಕಾರ್ಮಿಕರು. ಕಸಕ್ಕೆ ಬೆಂಕಿ ಬಿದ್ದರೆ ಚೂರು ಹಾರುವುದು ಅವರ ಮುಖಕ್ಕೆ.

ಕೊಡಗಿನಲ್ಲಿ ಮಾತು ಇನ್ನೂ ದೊಡ್ಡದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆ ಹಕ್ಕಿನ ಪರ-ವಿರೋಧ ಚರ್ಚೆ ಸಾಕಷ್ಟಾಗಿದೆ. ಮುತ್ತಾತನ ಕಾಲದ ತೋಟಾಗಳನ್ನು ಸುರಕ್ಷಿತವಾಗಿ ಎಲ್ಲಿ ಒಪ್ಪಿಸಬೇಕು ಅನ್ನುವುದು ಆ ಚರ್ಚೆಯಲ್ಲಿ ಕಾಣುವುದಿಲ್ಲ. ವಿನಾಯಿತಿ ಲೈಸೆನ್ಸಿಗೆ ಉಂಟು, ಹಳಸಿದ ಮದ್ದಿಗೆ ಇಲ್ಲ.

ದಾರಿ ಇಲ್ಲವೆಂದಲ್ಲ. ಆಸ್ಟ್ರೇಲಿಯಾದಲ್ಲಿ 2021ರ ಜುಲೈನಿಂದ ಕಾಯಂ ಕ್ಷಮಾದಾನ ಜಾರಿಯಲ್ಲಿದೆ, ಅಲ್ಲಿ ನೋಂದಣಿಯಾಗದ ಬಂದೂಕು, ಮದ್ದುಗುಂಡನ್ನು ಯಾವಾಗ ಬೇಕಾದರೂ ಒಪ್ಪಿಸಬಹುದು. ನಮ್ಮಲ್ಲೇ 2025ರ ಫೆಬ್ರವರಿಯಲ್ಲಿ ಮಣಿಪುರದ ರಾಜ್ಯಪಾಲರು, ಲೂಟಿಯಾದ ಆಯುಧಗಳನ್ನು ಗಡುವಿನೊಳಗೆ ಒಪ್ಪಿಸಿದರೆ ಶಿಕ್ಷಾ ಕ್ರಮವಿಲ್ಲ ಎಂದಿದ್ದರು. ಲೂಟಿ ಮಾಡಿದ್ದಕ್ಕೇ ಹಾಗೆ ಹೇಳಬಹುದಾದರೆ, ಅಜ್ಜನ ಡಬ್ಬಕ್ಕೆ ಯಾಕಾಗದು? ಜಿಲ್ಲೆಗೊಂದು ನಿಗದಿತ ದಿನ, ವಾರಸುದಾರರಿಗೆ ಕೇಸಿಲ್ಲವೆಂಬ ಲಿಖಿತ ಭರವಸೆ, ಸ್ಥಳದಲ್ಲೇ ಸ್ವೀಕೃತಿ. ಇಷ್ಟಕ್ಕೆ ದೊಡ್ಡ ಬಜೆಟ್ಟೇನೂ ಬೇಡ.

ಅಲ್ಲಿಯವರೆಗೆ, ನಿಮ್ಮ ಮನೆಯ ಅಟ್ಟದಲ್ಲಿ ಇಂಥದ್ದು ಸಿಕ್ಕರೆ ಹೊಡೆಯಬೇಡಿ, ಬಿಚ್ಚಬೇಡಿ, ಸುಡಬೇಡಿ, ಬ್ಯಾಗಿಗೆ ಹಾಕಿಕೊಂಡು ತಿರುಗಬೇಡಿ. ಎಣಿಸಿ, ಫೋಟೋ ತೆಗೆದು, ತಂಪಾದ ಒಣ ಜಾಗದಲ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಅದೇ ದಿನ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಕೇಳಿ ಪಡೆಯಿರಿ. ನಮ್ಮ ಸ್ವೀಕೃತಿ ಈಗ ದೊಡ್ಡಪ್ಪನ ಲೈಸೆನ್ಸ್ ಪುಸ್ತಕದ ಒಳಗಿದೆ. ಅಣ್ಣ ಅದನ್ನು ಎರಡು ಸಲ ಜೆರಾಕ್ಸ್ ಮಾಡಿಸಿಟ್ಟಿದ್ದಾನೆ.