ಮಿಲ್ಲಿನ ಲೆಕ್ಕದಲ್ಲಿ ರೈತನ ಹೆಸರೇ ಇಲ್ಲ

ಒಳ್ಳೆಯ ಸಾಫ್ಟ್‌ವೇರ್ ಹಾಕಿಸಿದರೆ ಕಲಬುರಗಿಯ ದಾಲ್ ಮಿಲ್‌ಗಳು ಸುಧಾರಿಸುತ್ತವೆ ಎಂದು ನಮ್ಮ ಕ್ಲಾಸಿನ ಅರ್ಧ ಜನ ನಂಬಿದ್ದಾರೆ. ‘ಸಪ್ಲೈಯರ್ ರಿಲೇಶನ್‌ಶಿಪ್ ಮ್ಯಾನೇಜ್‌ಮೆಂಟ್’ ಪಾಠ ಮುಗಿದ ಮೇಲೆ ಈ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಸರಕು ಕೊಡುವವರನ್ನು ಅರಿತು ಆರಿಸುವುದು, ಗುಣಮಟ್ಟ ಅಳೆಯುವುದು, ಹೊತ್ತಿಗೆ ಸರಿಯಾಗಿ ಹಣ ಕೊಡುವುದು, ಮುಂದಿನ ಬೇಡಿಕೆಯನ್ನು ಮೊದಲೇ ತಿಳಿಸುವುದು, ಪಾಠದ ಸಾರ ಇಷ್ಟೇ. ನನ್ನ ಪ್ರಶ್ನೆ ಬೇರೆ. ನಮ್ಮ ಮಿಲ್‌ಗಳಿಗೆ ಸಪ್ಲೈಯರ್ ಎಂದರೆ ಯಾರು?

ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಗಂಜ್‌ಗೆ ಬರುತ್ತದೆ. ಅಡತಿ ಅಂಗಡಿಯ ಮುಂದೆ ಸುರಿದು ಟೆಂಡರ್ ಆಗುತ್ತದೆ. ಮಿಲ್ಲಿನ ಖಾತೆಯಲ್ಲಿ ಉಳಿಯುವುದು ಅಡತಿಯವರ ಹೆಸರು. ಬೆಳೆದವರು ಆಳಂದದವರೋ ಚಿತ್ತಾಪುರದವರೋ, ಬಿತ್ತಿದ್ದು ಟಿಎಸ್-3ಆರ್ ತಳಿಯೋ ಜಿಆರ್‌ಜಿ-811 ತಳಿಯೋ ಎಂಬುದು ಅಲ್ಲಿಗೇ ಮರೆಯಾಗುತ್ತದೆ. ಮಿನಿ ಪ್ರಾಜೆಕ್ಟ್‌ಗಾಗಿ ಹೋದಾಗ ಮಿಲ್ ಮಾಲೀಕರೊಬ್ಬರು, ‘ಅಡತ್ಯಾರು ನಮ್ಮಪ್ಪನ ಕಾಲದಿಂದ ಗೊತ್ತದಾರ. ಕಾಗದ ಯಾಕ ಬೇಕು?’ ಎಂದರು. ಅವರ ಮಾತಿನಲ್ಲೂ ಅರ್ಥವಿದೆ. ಬಿತ್ತನೆಗೆ, ಮದುವೆಗೆ ರೈತನಿಗೆ ಮುಂಗಡ ಕೊಡುವವರೂ ಅಡತಿಯವರೇ. ಅವರನ್ನು ಬಿಟ್ಟು ವ್ಯವಹಾರ ನಡೆಸುತ್ತೇವೆನ್ನುವುದು ಪವರ್‌ಪಾಯಿಂಟ್‌ನಲ್ಲಿ ಮಾತ್ರ ಸಾಧ್ಯ.

ಆದರೆ ನಷ್ಟವೂ ನಿಜ. ಬೇರೆ ಬೇರೆ ಗಾತ್ರದ, ತೇವಾಂಶದ ಕಾಳು ಒಂದೇ ರಾಶಿಯಲ್ಲಿ ಬೆರೆತರೆ ಎಮೆರಿ ರೋಲರ್‌ನಲ್ಲಿ ಸಿಪ್ಪೆ ಸಮನಾಗಿ ಬಿಡುವುದಿಲ್ಲ. ನುಚ್ಚು, ಪುಡಿ ಹೆಚ್ಚುತ್ತದೆ. ಆ ನಷ್ಟ ಮುಂದಿನ ದರದಲ್ಲಿ ಸೇರಿಕೊಳ್ಳುತ್ತದೆ, ಒಳ್ಳೆಯ ಕಾಳು ತಂದವನೂ ಅದನ್ನು ಹೊರುತ್ತಾನೆ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಮೊಜಾಂಬಿಕ್, ಮ್ಯಾನ್ಮಾರ್ ತೊಗರಿ ಹಡಗಿನಲ್ಲಿ ಬಂದಿಳಿಯುವ ಈ ಕಾಲದಲ್ಲಿ ಆ ಹೆಸರೇ ನಮ್ಮ ಆಸ್ತಿ. ಕಾಳು ಯಾವ ಹೊಲದ್ದೆಂದೇ ಗೊತ್ತಿಲ್ಲದಿದ್ದರೆ ಹೆಸರನ್ನು ಚೀಲದ ಮೇಲೆ ಧೈರ್ಯವಾಗಿ ಹಾಕುವುದು ಹೇಗೆ?

ಹಣ ಪಾವತಿಗೆ ಕಾನೂನಿದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಕಿರು, ಸಣ್ಣ ಉದ್ಯಮಗಳಿಂದ ಕೊಂಡವರು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ ನಿಯಮದ ಪ್ರಕಾರ, ಗಡುವು ಮೀರಿದ ಬಾಕಿಯನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಕಪನೂರಿನ ವರ್ಕ್‌ಶಾಪ್ ಒಂದು ಮಿಲ್ಲಿಗೆ ಜಾಲರಿ ಮಾಡಿಕೊಟ್ಟರೆ, ಉದ್ಯಮ್ ನೋಂದಣಿ ಇದ್ದರೆ, ಈ ರಕ್ಷಣೆ ಅದಕ್ಕೆ ಸಿಗುತ್ತದೆ. ಅಡತಿಯವರು ವ್ಯಾಪಾರಿಗಳು, ಅವರಿಗೆ ಸಿಗದು. ರೈತನಂತೂ ಈ ಲೆಕ್ಕದಲ್ಲಿ ಉದ್ಯಮಿಯೇ ಅಲ್ಲ.

ಕಮಲಾಪುರದ ಕೆಂಪು ಬಾಳೆಯದು ಉಲ್ಟಾ ಕಥೆ. ಅದಕ್ಕೂ ಜಿಐ ಇದೆ. ಹುಮನಾಬಾದ್ ರಸ್ತೆ ಬದಿಯಲ್ಲಿ ಹಣ್ಣು ಮಾರುವವರಿಗೆ ತೋಟವೂ ಗೊತ್ತು, ತೋಟದವರೂ ಗೊತ್ತು. ಸಂಬಂಧವಿದೆ, ಬರಹವಿಲ್ಲ. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಇಷ್ಟು ಗೊನೆ, ಈ ದರಕ್ಕೆ ಕೊಳ್ಳುತ್ತೇನೆ ಎಂದು ಯಾರೂ ಬರೆದುಕೊಡದಿದ್ದರೆ ಬೆಳೆಗಾರ ಬೇಗ ಬರುವ ಬೆಳೆಯತ್ತ ತಿರುಗುವುದು ಸಹಜ.

ಹಾಗಾದರೆ ನಾವು ಸಿದ್ಧರಿದ್ದೇವಾ? ಸಾಫ್ಟ್‌ವೇರ್‌ಗಿಂತ ಮೊದಲು ಬೇಕಾದದ್ದು ತೇವಾಂಶ ಮೀಟರ್, ರೈತನ ಚೀಟಿಯ ನಂಬರನ್ನು ರಾಶಿಯ ಜೊತೆ ಮಿಲ್ಲಿನ ತನಕ ಒಯ್ಯುವ ಒಂದು ರಿಜಿಸ್ಟರ್, ಅದನ್ನು ಬರೆಯುವ ಒಬ್ಬ ಹುಡುಗ ಅಥವಾ ಹುಡುಗಿ. ಬೆಂಗಳೂರಿನ ಬಸ್ಸು ಹತ್ತುವ ನಮ್ಮಂಥವರಿಗೆ ಇಲ್ಲೇ ಇರುವ ಕೆಲಸ ಇದು. ಹೀಗೆಂದಾಗ ಅದೇ ಮಾಲೀಕರು, ‘ಸೀಸನ್ ಎರಡ ತಿಂಗಳ ರೀ. ಉಳಿದ ಹತ್ತು ತಿಂಗಳ ಪಗಾರ?’ ಎಂದು ಕೇಳಿದರು. ಐದಾರು ಮಿಲ್‌ಗಳು ಸೇರಿ ಒಬ್ಬರನ್ನು ಇಟ್ಟುಕೊಂಡರೆ ಎಂದೆ. ‘ಬರಕೊಂಡು ಬರ್ರಿ, ನಾಕು ಮಂದಿ ಮುಂದ ಇಡೋಣು’ ಎಂದಿದ್ದಾರೆ. ಈಗ ಅದನ್ನೇ ಬರೆಯುತ್ತಿದ್ದೇನೆ.