ಮೊದಲ ಬಿಲ್ಲು, ಅವಸರದ ಕೈ

ನಿವೃತ್ತಿಯ ಬಳಿಕ ನನಗೆ ಹತ್ತಿದ ಹುಚ್ಚುಗಳಲ್ಲಿ ಕಳಚಿ ಜೋಡಿಸುವ ಬಿಲ್ಲಿನ ತಯಾರಿಯೂ ಒಂದು. ನಡುವೆ ಮರದ ಹಿಡಿ. ಅದಕ್ಕೆ ಬೋಲ್ಟುಗಳಿಂದ ಬಿಗಿದ ಎರಡು ತೋಳುಗಳು. ಹೆದೆಯೇರಿಸಿದಾಗ ಮೇಲ್ತುದಿಯಲ್ಲಿ ಹೆದೆ ನಡುಗೆರೆ ಬಿಟ್ಟು ಪಕ್ಕಕ್ಕೆ ಸರಿಯಿತು. ತೋಳೇ ತಿರುಚಿದೆಯೆಂದು ಬಗೆದು ಅದರ ಒಂದು ಅಂಚನ್ನು ಹೆರೆದೆ. ಓರೆ ಹೋಗಲಿಲ್ಲ, ತೋಳು ಬಲಗುಂದಿತು. ಹೆರೆದ ಮರವನ್ನು ಮರಳಿ ಅಂಟಿಸಲಾದೀತೇ?

ಮೊದಲು ಎರಡು ತೋಳುಗಳನ್ನೂ ಮೇಲೆಕೆಳಗೆ ಅದಲುಬದಲು ಮಾಡಿ ನೋಡಬೇಕಿತ್ತು. ಓರೆಯೂ ತೋಳಿನೊಡನೆ ಕೆಳಗಿಳಿದರೆ ದೋಷ ತೋಳಿನದು. ಮೇಲೆಯೇ ಉಳಿದರೆ ಹಿಡಿಯಲ್ಲಿ ತೋಳು ಕೂರುವ ಪೀಠದ್ದು. ಕಳಚುವ ಬಿಲ್ಲಿನ ಈ ಅನುಕೂಲವನ್ನೇ ಮರೆತು ಹತಾರ ಹಿಡಿಯುವುದು ನನ್ನ ಮಟ್ಟಿಗೆ ಅಪರಾಧವೇ ಸರಿ. ಪ್ರಯೋಗಶಾಲೆಯಲ್ಲಿ ‘ಪರೀಕ್ಷಿಸದೆ ತೀರ್ಮಾನ ಬರೆಯಬೇಡಿ’ ಎಂದು ನಿಮ್ಮನ್ನು ಗದರುತ್ತಿದ್ದವನು ಇವನೇ! ಕಡೆಗೆ ನೋಡಿದರೆ, ಪೀಠದ ಒಂದು ಬದಿ ಕಾಗದದ ದಪ್ಪದಷ್ಟು ತಗ್ಗಿತ್ತು. ಹೊಸ ತೋಳಿಗಾಗಿ ಈಗ ಅಟ್ಟದ ಮೇಲೆ ಬಿದಿರು ಒಣಗುತ್ತಿದೆ.