ಕೋವಿ ಠೇವಣಿ: ರೈತರನ್ನು ಕೇಳಿ ನಿಯಮ ರೂಪಿಸಿ

ಚುನಾವಣೆಯ ದಿನಾಂಕ ಪ್ರಕಟವಾದರೆ ಸಾಕು, ಮಲೆನಾಡು ಮತ್ತು ಕರಾವಳಿಯ ಹಲವು ಠಾಣೆಗಳಿಗೆ ರೈತರು ಕೋವಿ ಹೊತ್ತು ಬರಬೇಕಾಗುತ್ತದೆ. ಪರವಾನಗಿ ಇರುವವರೆಲ್ಲ ಆಯುಧ ಠೇವಣಿ ಇಡಬೇಕೆಂದು ಜಿಲ್ಲಾಡಳಿತ ಸಾರಾಸಗಟು ಆದೇಶ ಹೊರಡಿಸುತ್ತದೆ. ಲೋಕಸಭೆ, ವಿಧಾನಸಭೆ, ಗ್ರಾಮ ಪಂಚಾಯಿತಿ ಎಂದು ಐದು ವರ್ಷದಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಒಂದು ಮೊಕದ್ದಮೆಯೂ ಇಲ್ಲದ ರೈತನನ್ನು ಶಂಕಿತರ ಪಟ್ಟಿಗೆ ಸೇರಿಸುವ ಈ ಪದ್ಧತಿ ನಿಲ್ಲಬೇಕು. ಪರವಾನಗಿ ನಿಯಮಗಳನ್ನು ಊರವರ ಮುಂದಿಟ್ಟು, ಅವರ ಮಾತು ಕೇಳಿ ತಿದ್ದಬೇಕು.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಯನ್ನು ಹೆಸರಿಸಿಯೇ ಪರವಾನಗಿಗೆ ಅವಕಾಶ ಕೊಟ್ಟಿದೆ. ಅಲ್ಲಿ ಹೇಳಿರುವುದು ಬಾಯಿಯಿಂದ ಮದ್ದು ತುಂಬುವ ಕೋವಿ. ನಮ್ಮವರ ಮಾತಿನಲ್ಲಿ ಕೇಪಿನ ಕೋವಿ. ಮದ್ದು ಸುರಿದು, ಸರಳಿನಿಂದ ಗಿಡಿದು, ಕೇಪು ಇಟ್ಟು ಒಮ್ಮೆ ಸಿಡಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹೆಚ್ಚಿನ ಮನೆಗಳಲ್ಲಿ ಅದರ ಕೆಲಸ ಸದ್ದು ಮಾಡಿ ಹಂದಿ, ಮಂಗಗಳನ್ನು ಓಡಿಸುವುದು.

2024ರ ಲೋಕಸಭಾ ಚುನಾವಣೆಯನ್ನೇ ನೋಡಿ. ನೀತಿ ಸಂಹಿತೆ ಜಾರಿಯಾದದ್ದು ಮಾರ್ಚ್ 16ರಂದು, ಮತ ಎಣಿಕೆ ಜೂನ್ 4ರಂದು. ಎರಡೂವರೆ ತಿಂಗಳಿಗೂ ಹೆಚ್ಚು. ಹಲಸಿನ ವಾಸನೆಗೆ ಆನೆಗಳು ತೋಟಕ್ಕಿಳಿಯುವ, ಮಂಗಗಳು ಎಳೆ ಅಡಿಕೆಯನ್ನು ಕಿತ್ತು ಚೆಲ್ಲುವ ದಿನಗಳು ಅವು. ಅರ್ಧ ಮೈಲಿಗೊಂದು ಮನೆಯಿರುವ ಕಡೆ ವಯಸ್ಸಾದ ದಂಪತಿ ಇರುಳು ಕಳೆಯಲು ನೆಚ್ಚಿಕೊಂಡಿದ್ದ ಧೈರ್ಯವೂ ಕೋವಿಯ ಜೊತೆಗೇ ಠಾಣೆ ಸೇರುತ್ತದೆ. ಬೆಳೆ ಹೋದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಠೇವಣಿಯ ಆದೇಶದಲ್ಲಿ ಉತ್ತರವಿಲ್ಲ.

ಎಲ್ಲರ ಕೋವಿಯನ್ನೂ ಕಸಿಯಿರಿ ಎಂದು ಚುನಾವಣಾ ಆಯೋಗವೂ ಹೇಳಿಲ್ಲ. ಪರಿಶೀಲನಾ ಸಮಿತಿ ಪರವಾನಗಿದಾರರ ಪಟ್ಟಿಯನ್ನು ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಗಲಭೆಗಳಲ್ಲಿ ಭಾಗಿಯಾದವರು ಯಾರೆಂದು ಗುರುತಿಸಬೇಕು ಎಂಬುದು ಆಯೋಗದ ಸೂಚನೆ. ಒಬ್ಬೊಬ್ಬರ ಕಡತ ತೆಗೆದು ನೋಡುವ ಶ್ರಮ ತಪ್ಪಿಸಿಕೊಳ್ಳಲು ಇಡೀ ತಾಲ್ಲೂಕಿನ ಕೋವಿಗಳನ್ನು ಠಾಣೆಯಲ್ಲಿ ಪೇರಿಸುವುದು ಆಡಳಿತದ ಸೋಮಾರಿತನ.

ಈ ನಾಡನ್ನು ತಲ್ಲಣಗೊಳಿಸಿದ ಎಂ.ಎಂ. ಕಲಬುರ್ಗಿ ಮತ್ತು ಗೌರಿ ಲಂಕೇಶ್ ಹತ್ಯೆಗಳಲ್ಲಿ ಬಳಕೆಯಾದದ್ದು ರೈತನ ಕೋವಿಯಲ್ಲ, ನಾಡಪಿಸ್ತೂಲು. ಅಂಥ ಆಯುಧಕ್ಕೆ ಪರವಾನಗಿಯೂ ಇಲ್ಲ, ಠೇವಣಿಯ ರಸೀದಿಯೂ ಇಲ್ಲ. ಇನ್ನೊಂದೆಡೆ, ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕಾಯ್ದೆಯಿಂದ ದೊರೆತ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪರವಾನಗಿಯೇ ಬೇಡವೆಂದು ಒಂದು ಜಿಲ್ಲೆಯ ಜನರನ್ನು ನಂಬುವ ಸರ್ಕಾರ, ಪೊಲೀಸ್ ತನಿಖೆ ಮುಗಿಸಿ ತಾನೇ ಪರವಾನಗಿ ಕೊಟ್ಟ ಪಕ್ಕದ ಜಿಲ್ಲೆಯ ರೈತನನ್ನು ನಂಬಲಾರದೇಕೆ?

ಹಾಗೆಂದು ಕೋವಿಗೆ ಕಡಿವಾಣವೇ ಬೇಡ ಎನ್ನುವವರ ಜೊತೆ ನಾನಿಲ್ಲ. ಶಿಕಾರಿಗೆ ಹೋದವರು ಜೊತೆಗಾರನನ್ನೇ ಹಂದಿಯೆಂದು ತಿಳಿದು ಹೊಡೆದದ್ದನ್ನು ಮಲೆನಾಡು ಕಂಡಿದೆ. ಕುಡಿದ ಕೈಗೆ, ಹೆಂಡತಿ ಮಕ್ಕಳನ್ನು ಬೆದರಿಸುವ ಕೈಗೆ ಕೋವಿ ಒಂದು ದಿನವೂ ಸಿಗಬಾರದು. ಅದಕ್ಕೆ ಚುನಾವಣೆ ಬರುವ ತನಕ ಕಾಯಬಾರದು. ಬ್ರಿಟನ್ನಿನ ಪ್ಲಿಮತ್‌ನಲ್ಲಿ 2021ರ ಆಗಸ್ಟ್ 12ರಂದು ಒಬ್ಬ ಯುವಕ ಐವರನ್ನು ಗುಂಡಿಕ್ಕಿ ಕೊಂದ. ಹಲ್ಲೆ ನಡೆಸಿದ್ದನೆಂದು ಅವನಿಂದ ಕಿತ್ತುಕೊಂಡಿದ್ದ ಕೋವಿ, ಪರವಾನಗಿ ಎರಡನ್ನೂ ಪೊಲೀಸರು ಹಿಂದಿನ ತಿಂಗಳಷ್ಟೇ ಮರಳಿಸಿದ್ದರು. ವ್ಯಕ್ತಿಯನ್ನು ಸರಿಯಾಗಿ ನೋಡದಿದ್ದರ ಫಲ ಅದು. ಆ ಬಳಿಕ 2023ರಲ್ಲಿ ಅಲ್ಲಿನ ಸರ್ಕಾರ ಪರವಾನಗಿ ಸುಧಾರಣೆಯ ಪ್ರಶ್ನೆಗಳನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳಿತು.

ನಮ್ಮಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಮಸೂದೆ ನವೆಂಬರ್ 29ರಂದು ಲೋಕಸಭೆಗೆ ಬಂತು. ಡಿಸೆಂಬರ್ 13ಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಒಬ್ಬರಿಗೆ ಮೂರು ಆಯುಧ ಎಂದಿದ್ದ ಮಿತಿಯನ್ನು ಒಂದಕ್ಕೆ ಇಳಿಸುವ ಪ್ರಸ್ತಾಪ ಅದರಲ್ಲಿತ್ತು. ಕೊನೆಗೆ ಎರಡು ಎಂದಾಯಿತು. ಆಕ್ಷೇಪ ಕಿವಿಗೆ ಬಿದ್ದರೆ ಕಾನೂನು ಬದಲಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಹದಿನೈದು ದಿನದಲ್ಲಿ ಮುಗಿದ ಆ ಪ್ರಕ್ರಿಯೆಯಲ್ಲಿ ಕೊಪ್ಪದ, ಸುಳ್ಯದ, ಸಿದ್ದಾಪುರದ ರೈತ ಎಲ್ಲಿ ನಿಂತು ಮಾತಾಡಬೇಕಿತ್ತು?

ಆಯುಧ ಕಾಯ್ದೆ ಕೇಂದ್ರದ್ದಾದರೂ ಠೇವಣಿ ಆದೇಶ ಹೊರಡುವುದು ನಮ್ಮ ಜಿಲ್ಲಾ ಕಚೇರಿಗಳಿಂದಲೇ. ರಾಜ್ಯದ ಗೃಹ ಇಲಾಖೆ ಮಾರ್ಗಸೂಚಿಯ ಕರಡನ್ನು ಕನ್ನಡದಲ್ಲಿ ಹೊರಡಿಸಿ, ಕನಿಷ್ಠ 30 ದಿನ ಕಾಲಾವಕಾಶ ಕೊಟ್ಟು, ತಾಲ್ಲೂಕು ಮಟ್ಟದಲ್ಲಿ ಅಹವಾಲು ಸಭೆ ನಡೆಸಲಿ. ರೈತ ಸಂಘಟನೆಗಳ ಜೊತೆಗೆ ಮಹಿಳೆಯರನ್ನೂ ವನ್ಯಜೀವಿ ಕಾರ್ಯಕರ್ತರನ್ನೂ ಅಲ್ಲಿಗೆ ಕರೆಯಲಿ. ಠೇವಣಿ ಕೇಳಿದರೆ ಆ ವ್ಯಕ್ತಿಗೆ ಲಿಖಿತ ಕಾರಣ ಕೊಡುವುದು, ಕಾರಣವಿಲ್ಲದವರ ಕೋವಿ ಮನೆಯಲ್ಲೇ ಉಳಿಯುವುದು, ಪರವಾನಗಿ ಕೊಡುವಾಗಲೂ ನವೀಕರಿಸುವಾಗಲೂ ಮನೆಯವರನ್ನು ಪ್ರತ್ಯೇಕವಾಗಿ ವಿಚಾರಿಸುವುದು, ಕೌಟುಂಬಿಕ ಹಿಂಸೆಯ ದೂರು ಬಂದ ಕೂಡಲೇ ಕೋವಿಯನ್ನು ವಶಕ್ಕೆ ಪಡೆಯುವುದು ಆ ಕರಡಿನಲ್ಲಿರಲಿ.

ಚುನಾವಣೆ ಘೋಷಣೆಯಾದ ಮೇಲೆ ಇದನ್ನೆಲ್ಲ ಚರ್ಚಿಸಲು ಅಧಿಕಾರಿಗಳಿಗೆ ಬಿಡುವಿರುವುದಿಲ್ಲ, ರೈತರಿಗೆ ದಾರಿಯೂ ಇರುವುದಿಲ್ಲ. ಮಾತುಕತೆ ಈಗಲೇ ಶುರುವಾಗಬೇಕು.